ಹಳೆಯ ಡೀಸೆಲ್ ಜೀಪಿಗೆ ಬದಲಿ ಗೇರ್ ಬಾಕ್ಸ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ನಮ್ಮ ಜಿಲ್ಲೆಯ ವರ್ತಕರ ಹಾಗೂ ಕಾಫಿ ಸಂಸ್ಕರಣೆದಾರರ ಲೆಕ್ಕಪತ್ರಗಳನ್ನು ಪ್ರತಿ ವರ್ಷ ಪರಿಶೀಲಿಸುವಾಗ ಒಂದು ಖಾತೆಯ ಮೇಲೆ ನನ್ನ ಕಣ್ಣು ತಪ್ಪದೆ ನಿಲ್ಲುತ್ತದೆ. ಅದು ‘ವಾಹನ ದುರಸ್ತಿ’ ಖಾತೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗಗಳಲ್ಲಿ ವ್ಯವಹಾರ ನಡೆಸುವವರ ಬಳಿ ಹೊಸ ಕಾರು ಇರಲಿ ಬಿಡಲಿ, ಇಪ್ಪತ್ತು ಮೂವತ್ತು ವರ್ಷ ಹಳೆಯದಾದ ಒಂದು ಡೀಸೆಲ್ ಜೀಪು ಇದ್ದೇ ಇರುತ್ತದೆ. ತೋಟದ ಒಳದಾರಿಗೆ, ಕಣದಿಂದ ಡಾಂಬರು ರಸ್ತೆಯವರೆಗೆ ಮೂಟೆ ಸಾಗಿಸುವುದಕ್ಕೆ, ಮಳೆಗಾಲದಲ್ಲಿ ಹಳ್ಳ ದಾಟುವುದಕ್ಕೆ ಅದಕ್ಕೆ ಸಾಟಿಯಾದ ವಾಹನ ಇನ್ನೊಂದಿಲ್ಲವೆಂಬುದು ಇಲ್ಲಿನವರ ಅನುಭವ. ಅಂತಹ ಜೀಪಿನಲ್ಲಿ ಎಂಜಿನ್ನಿಗಿಂತ ಮೊದಲು ಸೋಲುವುದು ಸಾಮಾನ್ಯವಾಗಿ ಗೇರ್ ಬಾಕ್ಸ್. ಆಗ ಏಳುವ ಪ್ರಶ್ನೆ ಒಂದೇ: ಇರುವುದನ್ನೇ ಬಿಚ್ಚಿ ಸರಿಪಡಿಸುವುದೋ, ಗುಜರಿಯಿಂದ ಹಳೆಯದನ್ನು ತರುವುದೋ, ಹೊಸದನ್ನು ಕೊಳ್ಳುವುದೋ ಅಥವಾ ನಾಲ್ಕು ಗೇರಿನ ಬದಲು ಐದು ಗೇರಿನದನ್ನು ಕೂರಿಸುವುದೋ?

ಇದು ಮೆಕ್ಯಾನಿಕ್ ನಿರ್ಧರಿಸಬೇಕಾದ ವಿಷಯವಲ್ಲವೇ, ಲೆಕ್ಕಪರಿಶೋಧಕನಿಗೆ ಇಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಯಾವುದು ಕೂಡುತ್ತದೆ ಎಂಬುದನ್ನು ಮೆಕ್ಯಾನಿಕ್ ಹೇಳಬಲ್ಲರು. ಯಾವುದು ಕಟ್ಟುತ್ತದೆ ಎಂಬುದನ್ನು ಮಾಲೀಕನೇ ಲೆಕ್ಕ ಹಾಕಬೇಕು. ಈ ಲೆಕ್ಕವನ್ನು ಒಮ್ಮೆ ತಪ್ಪಾಗಿ ಹಾಕಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಸ್ವಂತ ಅನುಭವದಿಂದಲೇ ಆರಂಭಿಸುತ್ತೇನೆ.

ನಾನು ಮಾಡಿದ ತಪ್ಪು

ಕಳಸದ ಸಮೀಪದಲ್ಲಿರುವ ನಮ್ಮ ಮನೆತನದ ಸಣ್ಣ ತೋಟವನ್ನು ಅಣ್ಣನವರು ನೋಡಿಕೊಳ್ಳುತ್ತಾರೆ. ಅಲ್ಲಿ 1990ರಲ್ಲಿ ಕೊಂಡ, ಪ್ಯೂಜೊ ಡೀಸೆಲ್ ಎಂಜಿನ್ನಿನ, ನಾಲ್ಕು ಗೇರಿನ ಮಹೀಂದ್ರ ಜೀಪು ಇತ್ತು. 2011ರ ಬೇಸಿಗೆಯಲ್ಲಿ ಅದರ ಎರಡನೆಯ ಗೇರು ಇಳಿಜಾರಿನಲ್ಲಿ ತಾನಾಗಿಯೇ ಜಾರಿ ನ್ಯೂಟ್ರಲ್‌ಗೆ ಬರತೊಡಗಿತು. ಪರಿಚಿತ ಮೆಕ್ಯಾನಿಕ್ ಪೂರ್ತಿ ಬಿಚ್ಚಿ ಸರಿಪಡಿಸಲು ಹೇಳಿದ ಮೊತ್ತ ನನಗೆ ಹೆಚ್ಚೆನಿಸಿತು. ನಗರವೊಂದರ ಗುಜರಿಯಲ್ಲಿ ಅದರ ಅರ್ಧ ಬೆಲೆಗೆ ಇಡೀ ಗೇರ್ ಬಾಕ್ಸ್ ಸಿಕ್ಕಿತು. ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ, ನಗದು ವ್ಯವಹಾರ. ಮಾಸಿದ ಕಬ್ಬಿಣಕ್ಕೆ ಹೊಸದಾಗಿ ಬೆಳ್ಳಿ ಬಣ್ಣ ಬಳಿದಿದ್ದರು. ಲಾಭದ ವ್ಯಾಪಾರ ಮಾಡಿದೆನೆಂಬ ಸಮಾಧಾನದಲ್ಲಿ ಹಿಂದಿರುಗಿದೆ.

ಆ ಗೇರ್ ಬಾಕ್ಸ್ ಮಳೆಗಾಲವನ್ನು ದಾಟಿಸಿತು. ಮುಂದಿನ ಜನವರಿಯಲ್ಲಿ, ರೊಬಸ್ಟಾ ಕೊಯ್ಲಿನ ನಡುವೆ, ಹದಿನಾಲ್ಕು ಮೂಟೆ ಕಾಫಿ ಹೇರಿಕೊಂಡು ಇಬ್ಬರು ಆಳುಗಳ ಸಹಿತ ಇಳಿಯುತ್ತಿದ್ದಾಗ ಗೇರು ಜಾರಿತು. ಎಂಜಿನ್ನಿನ ಹಿಡಿತ ತಪ್ಪಿದ ಜೀಪನ್ನು ಬ್ರೇಕೊಂದೇ ತಡೆಯಲಾರದೆ ಹೋಯಿತು. ಚಾಲಕನ ಸಮಯಪ್ರಜ್ಞೆಯಿಂದ ಜೀಪು ಕಣಿವೆಯ ಬದಿಗೆ ಹೋಗದೆ ಒಳಬದಿಯ ದರೆಗೆ ಗುದ್ದಿ ನಿಂತಿತು. ಒಬ್ಬ ಆಳಿನ ಮುಂಗೈ ಮೂಳೆ ಮುರಿಯಿತು. ಇನ್ನೂ ಹೆಚ್ಚಿನದೇನೂ ಆಗಲಿಲ್ಲವೆಂಬುದು ನಮ್ಮ ಪುಣ್ಯ. ಅನಂತರ ಪೆಟ್ಟಿಗೆಯನ್ನು ಬಿಚ್ಚಿದ ಅದೇ ಹಳೆಯ ಮೆಕ್ಯಾನಿಕ್, ಸವೆದು ದುಂಡಗಾಗಿದ್ದ ಹಲ್ಲುಗಳನ್ನು ನನ್ನ ಅಂಗೈಯಲ್ಲಿಟ್ಟು, “ಸಾರ್, ಬಾಕ್ಸನ್ನು ಹೊರಗಿಂದ ನೋಡಿ ತಂದಿದ್ದೀರಿ, ಒಳಗೆ ನೋಡಿ ತರಬೇಕಿತ್ತು” ಎಂದರು.

ಆಸ್ಪತ್ರೆಯ ವೆಚ್ಚ, ಆ ಕಾರ್ಮಿಕರಿಗೆ ಗುಣವಾಗುವವರೆಗೆ ಕೊಟ್ಟ ಕೂಲಿ, ಕೊಯ್ಲಿನ ನಡುವೆ ಬಾಡಿಗೆ ಪಿಕಪ್, ಕೊನೆಗೆ ಮೊದಲು ಬೇಡವೆಂದಿದ್ದ ದುರಸ್ತಿ, ಇವೆಲ್ಲವನ್ನೂ ಕೂಡಿದಾಗ ಮೊದಲ ಅಂದಾಜಿನ ಎರಡೂವರೆ ಪಟ್ಟು ಆಗಿತ್ತು. ಖಾತೆಯಲ್ಲಿ ಇವು ನಾಲ್ಕು ಬೇರೆ ಬೇರೆ ಶೀರ್ಷಿಕೆಗಳಡಿ ಹಂಚಿಹೋಗಿದ್ದುದರಿಂದ, ಗುಜರಿಯ ಖರೀದಿ ಕಾಗದದ ಮೇಲೆ ಅಗ್ಗವಾಗಿಯೇ ಉಳಿಯಿತು. ಕೊಂಡ ಬೆಲೆಯನ್ನೇ ವೆಚ್ಚವೆಂದು ತಿಳಿದದ್ದು ನನ್ನ ತಪ್ಪು.

ಮೊದಲು ರೋಗ ಯಾವುದೆಂದು ತಿಳಿಯಿರಿ

ಬದಲಿ ಗೇರ್ ಬಾಕ್ಸಿನ ಯೋಚನೆಗೆ ಮೊದಲು, ಕೆಟ್ಟಿರುವುದು ನಿಜವಾಗಿಯೂ ಗೇರ್ ಬಾಕ್ಸೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕ್ಲಚ್ಚಿನ ದೋಷವನ್ನು ಗೇರ್ ಬಾಕ್ಸಿನ ಮೇಲೆ ಹೊರಿಸಿ ಹಣ ಕಳೆದುಕೊಳ್ಳುವವರು ಅನೇಕರಿದ್ದಾರೆ. ಸಾಮಾನ್ಯ ಲಕ್ಷಣಗಳು ಹೀಗಿವೆ:

1. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುವಾಗ ಸದ್ದು ಬಂದು, ಕ್ಲಚ್ ಒತ್ತಿದೊಡನೆ ಅದು ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಸವೆದಿರುವ ಸಂಭವ ಹೆಚ್ಚು. ಬೇರಿಂಗ್ ಮಾತ್ರ ಬದಲಿಸಿದರೆ ಸಾಕಾಗಬಹುದು.

2. ಇದಕ್ಕೆ ಪ್ರತಿಯಾಗಿ, ಕ್ಲಚ್ ಒತ್ತಿದಾಗ ಮಾತ್ರ ಸದ್ದು ಕೇಳಿಬಂದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗಿನದು. ಗೇರ್ ಬಾಕ್ಸಿನ ಒಳಭಾಗಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

3. ಎಲ್ಲ ಗೇರುಗಳೂ ಹಾಕುವಾಗ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಸಂಶಯಿಸಬೇಕು. ಒಂದೇ ಗೇರು ಕರಕರ ಎಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿರುತ್ತದೆ.

4. ಹಾಕಿದ ಗೇರು ತಾನಾಗಿ ಜಾರುತ್ತಿದ್ದರೆ ಹಿಡಿತದ ಹಲ್ಲುಗಳು, ಗೇರ್ ಫೋರ್ಕ್, ಲಾಕಿಂಗ್ ಸ್ಪ್ರಿಂಗ್ ಮತ್ತು ಬಾಲ್, ಅಥವಾ ಗೇರ್ ಬಾಕ್ಸ್ ಕೂರುವ ರಬ್ಬರ್ ಮೌಂಟಿಂಗ್ ಇವುಗಳಲ್ಲಿ ಒಂದು ಸವೆದಿರುತ್ತದೆ. ಬೆಟ್ಟದ ಊರುಗಳಲ್ಲಿ ಇದನ್ನು ಒಂದು ದಿನವೂ ಮುಂದೂಡಬಾರದು.

5. ಆಯಿಲ್ ಇಳಿಸಿ ನೋಡಿರಿ. ತಳದಲ್ಲಿ ಹಿಟ್ಟಿನಂತಹ ಲೋಹದ ಧೂಳು ಸಹಜ; ಚೂರುಗಳು ಸಹಜವಲ್ಲ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದರ್ಥ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಬಿಸಿಯಾದ ಗೇರ್ ಬಾಕ್ಸ್ ಒಮ್ಮೆಲೇ ತಣ್ಣಗಾಗಿ, ಗಾಳಿಕಿಂಡಿ ಮತ್ತು ಸವೆದ ಸೀಲುಗಳ ಮೂಲಕ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ. ಬೇರಿಂಗುಗಳಿಗೆ ತುಕ್ಕು ಹಿಡಿಯುವುದು ಇದರಿಂದ.

ಇಲ್ಲಿಯವರೆಗಿನ ಪರೀಕ್ಷೆಗೆ ತಗಲುವುದು ಅರ್ಧ ದಿನ. ಅಷ್ಟಕ್ಕೇ ಅನೇಕರ ತೊಂದರೆ ಕೆಲವು ಸಾವಿರಗಳಲ್ಲಿ ಮುಗಿದುಹೋಗುತ್ತದೆ.

ಯಾವ ವಾಹನ, ಯಾವ ಗೇರ್ ಬಾಕ್ಸ್

ನಮ್ಮ ಗುಡ್ಡಗಳಲ್ಲಿ ಓಡುವ ಜೀಪುಗಳೆಲ್ಲವೂ ನೋಟಕ್ಕೆ ಒಂದೇ ತೆರನಾಗಿ ಕಂಡರೂ ಒಳಗೆ ಬೇರೆ ಬೇರೆ. ಮೂಲ ವಿಲ್ಲೀಸ್ ಮಾದರಿಯಲ್ಲಿ ಇದ್ದದ್ದು ಟಿ-90 ಎಂಬ ಮೂರು ಗೇರಿನ ಪೆಟ್ಟಿಗೆ. ಮಹೀಂದ್ರ ಸಂಸ್ಥೆಯು 1979ರಲ್ಲಿ ಫ್ರಾನ್ಸಿನ ಪ್ಯೂಜೊ ಸಂಸ್ಥೆಯಿಂದ ಎಕ್ಸ್.ಡಿ.ಪಿ. 4.90 ಡೀಸೆಲ್ ಎಂಜಿನ್ ತಯಾರಿಕೆಯ ಪರವಾನಗಿ ಪಡೆಯಿತು. 2112 ಸಿ.ಸಿ.ಯ ಈ ಎಂಜಿನ್ನನ್ನು ಹೊತ್ತ ಎಂ.ಎಂ.-540 ಜೀಪಿನಲ್ಲಿ ನಾಲ್ಕು ಗೇರಿನ ಕೆ.ಎಂ.ಟಿ.-90 ಪೆಟ್ಟಿಗೆ ಬಂದಿತು. ಪ್ಯೂಜೊ ಮೂಲದ ಐದು ಗೇರಿನ ಬಿ.ಎ.-10, ಅದರ ನಂತರದ ಎನ್.ಜಿ.ಟಿ.-520 ಮುಂತಾದವು ಮುಂದಿನ ವಾಹನಗಳಲ್ಲಿ ಬಳಕೆಯಾದವು. 1991ರ ಕಮಾಂಡರ್, 1993ರ ಅರ್ಮಡಾ, 2000ದ ಬೊಲೆರೊ ಹೀಗೆ ಮಾದರಿಗಳು ಬದಲಾದಂತೆ ಎಂಜಿನ್ನು, ಕ್ಲಚ್ಚಿನ ಅಳತೆ, ಆಕ್ಸಲ್ ಎಲ್ಲವೂ ಬದಲಾಗುತ್ತ ಬಂದವು. ಆದ್ದರಿಂದ ‘ಮಹೀಂದ್ರದ್ದೇ ತಾನೇ, ಕೂಡುತ್ತದೆ’ ಎಂಬ ಭರವಸೆಯ ಮಾತಿಗೆ ಬೆಲೆಯಿಲ್ಲ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಡೀಸೆಲ್, 1994ರಲ್ಲಿ ಬಂದ ಟಾಟಾ ಸುಮೊ, 2000ದಿಂದ 2005ರವರೆಗೆ ತಯಾರಾದ ಟೊಯೊಟಾ ಕ್ವಾಲಿಸ್ ಇವುಗಳ ಮಾಲೀಕರಿಗೂ ಇದೇ ಮಾತು ಅನ್ವಯಿಸುತ್ತದೆ.

ಬದಲಿ ಪೆಟ್ಟಿಗೆಯನ್ನು ಒಪ್ಪುವ ಮುನ್ನ ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಬೇಕಾದ ಸಂಗತಿಗಳು ಇವು: ಬೆಲ್ ಹೌಸಿಂಗಿನ ಬೋಲ್ಟ್ ತೂತುಗಳು ಮತ್ತು ಸ್ಟಾರ್ಟರ್ ಕೂರುವ ಜಾಗ, ಇನ್‌ಪುಟ್ ಶಾಫ್ಟಿನ ದಪ್ಪ, ಉದ್ದ ಹಾಗೂ ಕ್ಲಚ್ ಪ್ಲೇಟ್ ಕೂರುವ ಹಲ್ಲುಗಳ ಎಣಿಕೆ, ಅದರ ತುದಿ ಫ್ಲೈವೀಲಿನ ಬುಷ್‌ಗೆ ಸರಿಯಾಗಿ ಕೂರುವುದೇ ಎಂಬುದು, ಪೆಟ್ಟಿಗೆಯ ಒಟ್ಟು ಉದ್ದ, ಮೌಂಟಿಂಗ್ ಜಾಗ, ಗೇರ್ ಲಿವರ್ ಹೊರಬರುವ ಸ್ಥಳ, ಸ್ಪೀಡೋಮೀಟರ್ ಕೇಬಲ್ಲಿನ ಜೋಡಣೆ. ಉದ್ದದಲ್ಲಿ ವ್ಯತ್ಯಾಸವಾದರೆ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿಸಬೇಕಾಗುತ್ತದೆ. ಬ್ಯಾಲೆನ್ಸ್ ಸರಿಯಿಲ್ಲದಿದ್ದರೆ ಹೊಸ ಬೇರಿಂಗುಗಳೂ ಬೇಗನೆ ಹಾಳಾಗುತ್ತವೆ.

ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಜೀಪುಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಎರಡು ಚಕ್ರಕ್ಕಷ್ಟೇ ಶಕ್ತಿ ಕೊಡುವ ವಾಹನದ ಗೇರ್ ಬಾಕ್ಸಿನ ಹಿಂಭಾಗವೂ ಔಟ್‌ಪುಟ್ ಶಾಫ್ಟೂ ಬೇರೆಯಾಗಿರುತ್ತವೆ. ಅದಕ್ಕೆ ಟ್ರಾನ್ಸ್‌ಫರ್ ಕೇಸ್ ಜೋಡಿಸಲಾಗದು. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಹಿಂದಿನ ಡಿಫರೆನ್ಷಿಯಲ್ ನಡುವಿನಲ್ಲಿರದೆ ಬಲಬದಿಗೆ ಸರಿದಿರುವುದರಿಂದ ಟ್ರಾನ್ಸ್‌ಫರ್ ಕೇಸೂ ಅದಕ್ಕೆ ತಕ್ಕುದೇ ಆಗಬೇಕು. ಅಗ್ಗದ ಪೆಟ್ಟಿಗೆಯ ಆಸೆಗೆ ಫೋರ್ ವೀಲ್ ಡ್ರೈವ್ ಕಳೆದುಕೊಂಡ ಜೀಪು ಮಳೆಗಾಲದ ಮೂರು ತಿಂಗಳು ಶೆಡ್ಡಿನಲ್ಲೇ ಉಳಿಯುತ್ತದೆ.

ಗೇರಿನ ಅನುಪಾತ: ಗುಡ್ಡದವರಿಗೆ ಮುಖ್ಯವಾದ ಅಂಕಿ

ಗೇರುಗಳ ಸಂಖ್ಯೆಗಿಂತ ಅನುಪಾತ ಮುಖ್ಯ. ಗೇರ್ ಬಾಕ್ಸಿನ ಅನುಪಾತವನ್ನು ಆಕ್ಸಲಿನ ಅನುಪಾತದಿಂದ ಗುಣಿಸಿದರೆ, ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕೆಂಬುದು ಸಿಗುತ್ತದೆ. ಈ ಅಂಕಿ ದೊಡ್ಡದಾದಷ್ಟೂ ಏರಿನಲ್ಲಿ ಎಳೆತ ಹೆಚ್ಚು. ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುವ ಶಕ್ತಿಯೂ ಹೆಚ್ಚು.

ಮೂಲ ವಿಲ್ಲೀಸಿನ ಉದಾಹರಣೆ ನೋಡೋಣ. ಟಿ-90ರ ಮೊದಲ ಗೇರು 2.80, ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46, ಆಕ್ಸಲ್ 5.38. ಮೂರನ್ನೂ ಗುಣಿಸಿದರೆ ಸುಮಾರು 37. ಮೂರೇ ಗೇರಿನ ಆ ಜೀಪು ಕಡಿದಾದ ದಿಣ್ಣೆಗಳನ್ನು ಏರುತ್ತಿದ್ದ ಗುಟ್ಟು ಇದೇ. ಲೋ ಗೇರಿಲ್ಲದಿದ್ದರೆ ಈ ಅಂಕಿ 15ಕ್ಕೆ ಇಳಿಯುತ್ತದೆ.

ಇನ್ನು ಲೆಕ್ಕದ ಅನುಕೂಲಕ್ಕಾಗಿ ಒಂದು ಜೀಪಿನ ಮೊದಲ ಗೇರು 4.0, ಆಕ್ಸಲ್ 5.0, ಟಯರಿನ ಸುತ್ತಳತೆ 2.25 ಮೀಟರ್ ಎಂದಿಟ್ಟುಕೊಳ್ಳೋಣ. ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವಾಗ ಮೊದಲ ಗೇರಿನಲ್ಲಿ ವೇಗ ಗಂಟೆಗೆ ಸುಮಾರು 17 ಕಿ.ಮೀ., ನೇರ ಗೇರಿನಲ್ಲಿ 67.5 ಕಿ.ಮೀ. ಇದಕ್ಕೆ 0.8 ಅನುಪಾತದ ಐದನೆಯ ಗೇರು ಸೇರಿದರೆ ಅದೇ 67.5 ಕಿ.ಮೀ. ವೇಗಕ್ಕೆ ಎಂಜಿನ್ 2000 ಸುತ್ತು ತಿರುಗಿದರೆ ಸಾಕು. ಸದ್ದು ತಗ್ಗುತ್ತದೆ, ಡೀಸೆಲ್ ಸ್ವಲ್ಪ ಉಳಿಯುತ್ತದೆ. ಕಡೂರು, ಬೀರೂರು, ಬೆಂಗಳೂರು ಕಡೆಗೆ ವಾರಕ್ಕೆರಡು ಬಾರಿ ಹೋಗಿಬರುವವರಿಗೆ ಇದು ಉಪಯುಕ್ತ. ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ, ಹೊರನಾಡಿನಿಂದ ಕ್ಯಾತನಮಕ್ಕಿಗೆ ಪ್ರವಾಸಿಗರನ್ನು ಕರೆದೊಯ್ಯುವಾಗ ಅಥವಾ ಬಾಳೂರಿನ ತೋಟದೊಳಗೆ ಗೊಬ್ಬರ ಸಾಗಿಸುವಾಗ ಐದನೆಯ ಗೇರು ನೆನಪಿಗೂ ಬಾರದು. ಅಲ್ಲಿ ಬೇಕಾಗುವುದು ಮೊದಲೆರಡು ಗೇರುಗಳು. ಐದು ಗೇರಿನ ಪೆಟ್ಟಿಗೆಯ ಮೊದಲ ಗೇರು ಹಳೆಯದಕ್ಕಿಂತ ಚಿಕ್ಕ ಅಂಕಿಯದಾಗಿದ್ದರೆ, ಹೆಚ್ಚು ಹಣ ಕೊಟ್ಟು ಎಳೆತವನ್ನು ಕಳೆದುಕೊಂಡಂತಾಗುತ್ತದೆ. ಟಯರನ್ನೂ ದೊಡ್ಡದಾಗಿಸಿದವರಲ್ಲಿ ಈ ನಷ್ಟ ಇಮ್ಮಡಿಯಾಗುತ್ತದೆ.

ನಾಲ್ಕು ದಾರಿಗಳು, ಒಂದು ಲೆಕ್ಕ

ಈಗ ನಮ್ಮ ಕ್ಷೇತ್ರಕ್ಕೆ ಬರೋಣ. ಕೆಳಗಿನ ಮೊತ್ತಗಳು ಕ್ರಮವನ್ನು ತೋರಿಸಲು ಊಹಿಸಿದವು. ಸದಸ್ಯರು ತಮಗೆ ದೊರೆತ ದರಗಳನ್ನು ಆ ಸ್ಥಾನದಲ್ಲಿ ಹಾಕಿಕೊಳ್ಳಬೇಕು. ಜೀಪು ನಿಂತ ಪ್ರತಿ ದಿನಕ್ಕೆ ಬಾಡಿಗೆ ಪಿಕಪ್‌ಗೆ 2,500 ರೂಪಾಯಿ ಎಂದಿಟ್ಟುಕೊಳ್ಳೋಣ.

ಅ) ಇರುವುದನ್ನೇ ಪೂರ್ತಿ ಬಿಚ್ಚಿ ಬೇರಿಂಗ್, ಸಿಂಕ್ರೊ ರಿಂಗ್, ಸೀಲು, ಸವೆದ ಗೇರುಗಳನ್ನು ಬದಲಿಸುವುದು: 38,000 ರೂ., 12 ದಿನ. ನಿಂತ ದಿನಗಳ ಬಾಡಿಗೆ 30,000 ಸೇರಿ 68,000. ಆರು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 11,333.

ಆ) ಗುಜರಿಯ ಪೆಟ್ಟಿಗೆ: ಜೋಡಣೆ ಸೇರಿ 32,000 ರೂ., 4 ದಿನ. ಬಾಡಿಗೆ 10,000 ಸೇರಿ 42,000. ಎರಡು ವರ್ಷ ಬಾಳಿದರೆ ವರ್ಷಕ್ಕೆ 21,000.

ಇ) ಅದೇ ಮಾದರಿಯ ಹೊಸ ಪೆಟ್ಟಿಗೆ: ಜೋಡಣೆ ಸೇರಿ 78,000 ರೂ., 5 ದಿನ. ಬಾಡಿಗೆ 12,500 ಸೇರಿ 90,500. ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 11,313.

ಈ) ಐದು ಗೇರಿಗೆ ಪರಿವರ್ತನೆ: ಪ್ರೊಪೆಲ್ಲರ್ ಶಾಫ್ಟ್, ಮೌಂಟಿಂಗ್ ಕೆಲಸ ಸೇರಿ 65,000 ರೂ., 20 ದಿನ. ಬಾಡಿಗೆ 50,000 ಸೇರಿ 1,15,000. ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 14,375.

ಕೈಯಿಂದ ಹೊರಡುವ ಹಣದಲ್ಲಿ ಅತ್ಯಂತ ಅಗ್ಗವಾಗಿ ಕಂಡ ಗುಜರಿಯ ಪೆಟ್ಟಿಗೆ ವಾರ್ಷಿಕ ಲೆಕ್ಕದಲ್ಲಿ ಅತ್ಯಂತ ದುಬಾರಿ. ದುರಸ್ತಿ ಮತ್ತು ಹೊಸ ಪೆಟ್ಟಿಗೆ ಹೆಚ್ಚುಕಡಿಮೆ ಸಮ. ಪರಿವರ್ತನೆಯಿಂದ ಡೀಸೆಲ್ ಉಳಿಯುವುದಿಲ್ಲವೇ ಎಂದರೆ, ವರ್ಷಕ್ಕೆ 3,000 ಕಿ.ಮೀ. ಹೆದ್ದಾರಿ ಓಡಾಟ, ಲೀಟರಿಗೆ 11 ಕಿ.ಮೀ., ಶೇ. 8ರ ಉಳಿತಾಯ ಎಂದು ಉದಾರವಾಗಿಯೇ ಭಾವಿಸಿದರೂ ಉಳಿಯುವುದು 22 ಲೀಟರ್. ಲೀಟರಿಗೆ 90 ರೂ. ಎಂದರೆ ಎರಡು ಸಾವಿರಕ್ಕೂ ಕಡಿಮೆ. ಗುಡ್ಡದ ಜೀಪಿಗೆ ಅದು ಹುಟ್ಟುವುದಿಲ್ಲ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಪೆಟ್ಟಿಗೆಯ ಆಯುಷ್ಯವನ್ನಲ್ಲ, ಪೆಟ್ಟಿಗೆ ಮತ್ತು ಜೀಪು ಇವೆರಡರಲ್ಲಿ ಯಾವುದರ ಉಳಿದ ಆಯುಷ್ಯ ಕಡಿಮೆಯೋ ಅದನ್ನು ಹಿಡಿದು ಭಾಗಿಸಬೇಕು. ಜೀಪನ್ನು ಇನ್ನು ನಾಲ್ಕೇ ವರ್ಷ ಇಟ್ಟುಕೊಳ್ಳುವವರಿಗೆ ಹೊಸ ಪೆಟ್ಟಿಗೆ ವರ್ಷಕ್ಕೆ 22,625 ಆಗುತ್ತದೆ, ದುರಸ್ತಿ 17,000. ಛಾಸಿಗೆ ತುಕ್ಕು ಹಿಡಿದ ಜೀಪಿಗೆ ಹೊಸ ಗೇರ್ ಬಾಕ್ಸ್ ಹಾಕಿಸುವುದು, ಬೀಳುವ ಮನೆಗೆ ತೇಗದ ಬಾಗಿಲು ಇಟ್ಟಂತೆ.

ಎರಡನೆಯದು ಕಾಲ. ಅರೇಬಿಕಾ ಕೊಯ್ಲು ಆರಂಭವಾದ ನವೆಂಬರಿನಿಂದ ರೊಬಸ್ಟಾ ಮುಗಿಯುವವರೆಗೆ ಜೀಪು ನಿಂತರೆ ದಿನಕ್ಕೆ 2,500 ರೂ. ನಿಜವಾದ ವೆಚ್ಚ. ಅದೇ ಕೆಲಸವನ್ನು ಸಾಗಣೆಯಿಲ್ಲದ ಬಿಡುವಿನ ದಿನಗಳಲ್ಲಿ, ಕೊಯ್ಲು ಮುಗಿದ ಮೇಲೆ ಮುಂಗಾರಿಗೆ ಮುನ್ನ ಮಾಡಿಸಿದರೆ ಬಾಡಿಗೆಯ ಮಾತೇ ಇಲ್ಲ. ಆಗ ದುರಸ್ತಿಯ ವಾರ್ಷಿಕ ವೆಚ್ಚ 11,333ರಿಂದ ಸುಮಾರು 6,333ಕ್ಕೆ ಇಳಿಯುತ್ತದೆ. ಸದ್ದು ಕೇಳಿದಾಗಲೇ ಬಿಚ್ಚಿಸುವವನಿಗೂ ಮುರಿದ ಮೇಲೆ ಬಿಚ್ಚಿಸುವವನಿಗೂ ಇರುವ ಅಂತರ ಇಷ್ಟು.

ತೆರಿಗೆ ಮತ್ತು ದಾಖಲೆ

ಗೇರ್ ಬಾಕ್ಸ್ ಬದಲಾವಣೆಯ ವೆಚ್ಚ ಆ ವರ್ಷದ ಖರ್ಚೋ ಬಂಡವಾಳವೋ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ 31ನೇ ಕಲಮಿನಡಿ ಬೆಳೆದುಬಂದ ತತ್ವವೆಂದರೆ, ಇರುವ ಆಸ್ತಿಯನ್ನು ಅದೇ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡಿದ ವೆಚ್ಚ ‘ಚಾಲ್ತಿ ದುರಸ್ತಿ’. 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ವತಂತ್ರವಾದ ಇಡೀ ಯಂತ್ರವನ್ನೇ ಬದಲಿಸಿದರೆ ಅದು ಚಾಲ್ತಿ ದುರಸ್ತಿಯಲ್ಲವೆಂದು ಹೇಳಿತು. ಗೇರ್ ಬಾಕ್ಸ್ ತಾನಾಗಿ ಓಡುವ ಯಂತ್ರವಲ್ಲ, ವಾಹನದ ಅಂಗ. ಆದ್ದರಿಂದ ಅದೇ ಮಾದರಿಯ ಬದಲಿಯನ್ನು ದುರಸ್ತಿಯೆಂದು ತೋರಿಸುವುದು ಸರಿ. ಹೊಸ ಅನುಕೂಲ ತರುವ ಪರಿವರ್ತನೆಯನ್ನು ಬಂಡವಾಳವೆಂದು ಅಧಿಕಾರಿ ವಾದಿಸಬಹುದು, ಆಗ ಶೇ. 15ರ ಸವಕಳಿ ಮಾತ್ರ ಸಿಗುತ್ತದೆ, ಬಾಡಿಗೆಗೆ ಓಡಿಸುವ ವಾಹನಕ್ಕೆ ಶೇ. 30. ಐದು ಲಕ್ಷಕ್ಕೆ ಕೊಂಡ ಜೀಪು ಶೇ. 15ರ ಸವಕಳಿಯಲ್ಲಿ ಇಪ್ಪತ್ತು ವರ್ಷಗಳ ನಂತರ ಪುಸ್ತಕದಲ್ಲಿ ಉಳಿಯುವುದು ಸುಮಾರು 19,400 ರೂಪಾಯಿ. ಪುಸ್ತಕದ ಬೆಲೆ ಕಡಿಮೆಯೆಂದು ದುರಸ್ತಿಗೆ ಹಿಂಜರಿಯುವುದೂ ಸರಿಯಲ್ಲ; ಜೀಪು ಮಾಡುವ ಕೆಲಸವೇ ಅದರ ಬೆಲೆ. 1961ರ ಕಾಯಿದೆಯ ಸ್ಥಾನಕ್ಕೆ ರೂಪಿಸಿರುವ 2025ರ ಆದಾಯ ತೆರಿಗೆ ಕಾಯಿದೆ ಜಾರಿಯ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ ಕಲಂ ಸಂಖ್ಯೆಗಳು ಬೇರೆಯಾಗಿರುವುದನ್ನು ಗಮನಿಸಬೇಕು.

ನಗದು ಖರೀದಿಯ ವಿಷಯದಲ್ಲಿ 40ಎ(3)ನೇ ಕಲಂ ಸ್ಪಷ್ಟವಾಗಿತ್ತು: ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚವನ್ನು ಲಾಭದಿಂದ ಕಳೆಯಲು ಅವಕಾಶವಿಲ್ಲ. ಶೇ. 30ರ ತೆರಿಗೆ ಹಂತದಲ್ಲಿರುವವರು ಬಿಲ್ಲಿಲ್ಲದೆ 25,000 ನಗದು ಕೊಟ್ಟು ತಂದ ಪೆಟ್ಟಿಗೆಯ ಮೇಲೆ 7,500 ರೂ. ತೆರಿಗೆಯನ್ನೂ ಸೇರಿಸಿಕೊಂಡು ಬೆಲೆ ಹೇಳಬೇಕು.

ವಾಹನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಯಿತು. 60,000 ರೂ. ಮೂಲಬೆಲೆಯ ಪೆಟ್ಟಿಗೆಯ ಮೇಲೆ ಇದರಿಂದ 6,000 ರೂ. ಇಳಿಯುತ್ತದೆ. ಹೊಸದಕ್ಕೂ ಗುಜರಿಗೂ ನಡುವಣ ಅಂತರ ಅಷ್ಟರಮಟ್ಟಿಗೆ ಕಿರಿದಾಗಿದೆ. ಹೂಡುವಳಿ ತೆರಿಗೆಯ ಜಮೆ ಸರಕು ಸಾಗಣೆ ವಾಹನಕ್ಕೆ ದೊರೆಯುತ್ತದೆ. ಹದಿಮೂರು ಆಸನದವರೆಗಿನ ಪ್ರಯಾಣಿಕ ವಾಹನಗಳಿಗೆ, ಪ್ರಯಾಣಿಕರ ಸಾಗಣೆಯಂತಹ ಕೆಲವು ವ್ಯವಹಾರಗಳ ಹೊರತು, ದೊರೆಯುವುದಿಲ್ಲ.

ಪರಿವರ್ತನೆ ಮಾಡಿಸುವವರು ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು ಮರೆಯಬಾರದು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಮಿನಡಿ ದಂಡವುಂಟು. ಅದೇ ಮಾದರಿಯ ಬದಲಿಗೆ ಈ ತೊಡಕಿಲ್ಲ; ಬೇರೆ ಮಾದರಿಯದಾದರೆ ಪ್ರಾದೇಶಿಕ ಸಾರಿಗೆ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಮೊದಲೇ ಲಿಖಿತವಾಗಿ ವಿಚಾರಿಸುವುದು ಕ್ಷೇಮ. ಹದಿನೈದು ವರ್ಷ ಮೀರಿದ ಖಾಸಗಿ ವಾಹನಕ್ಕೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣವಿರುವುದರಿಂದ, ಮುಂದಿನ ನವೀಕರಣದ ದಿನಾಂಕವನ್ನೂ ಶುಲ್ಕವನ್ನೂ ಮೇಲಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಗುಜರಿಗೇ ಹೋಗುವುದಾದರೆ

ಕೆಲವು ಹಳೆಯ ಮಾದರಿಗಳಿಗೆ ಹೊಸ ಪೆಟ್ಟಿಗೆ ದೊರೆಯದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಸಿಗದಿದ್ದರೆ ಶಿವಾಜಿನಗರದ ಗುಜರಿಯೇ ಗತಿ ಎಂಬ ಸಂದರ್ಭಗಳಿವೆ. ಗುಜರಿಯ ವ್ಯಾಪಾರಿಗಳಲ್ಲಿ ಪ್ರಾಮಾಣಿಕರೂ ಬಹಳಷ್ಟು ಮಂದಿ ಇದ್ದಾರೆ. ಅವರಲ್ಲಿಗೆ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದು ಇಷ್ಟನ್ನು ಮಾಡಿರಿ:

1. ಮೇಲ್ಮುಚ್ಚಳ ತೆಗೆಸಿ ಹಲ್ಲುಗಳ ಅಂಚು ನೋಡಿರಿ. ಅಂಚು ಚೂಪಾಗಿರಬೇಕು, ದುಂಡಗಾಗಿರಬಾರದು. ಮುಚ್ಚಳ ತೆಗೆಯಲು ಒಪ್ಪದವರಲ್ಲಿ ಕೊಳ್ಳಬೇಡಿರಿ.
2. ಪ್ರತಿ ಗೇರಿಗೂ ಹಾಕಿ ಕೈಯಿಂದ ತಿರುಗಿಸಿರಿ. ಇನ್‌ಪುಟ್ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿ ಆಟ ಎಷ್ಟಿದೆಯೆಂದು ಗಮನಿಸಿರಿ.
3. ಹೊರಕವಚದಲ್ಲಿ ಬಿರುಕು, ಬೆಸುಗೆಯ ಗುರುತು ಹುಡುಕಿರಿ. ಹೊಸ ಬಣ್ಣವಿದ್ದರೆ ಎರಡು ಪಟ್ಟು ಎಚ್ಚರ ವಹಿಸಿರಿ.
4. ಯಾವ ವಾಹನದ್ದೆಂದು ಕೇಳಿ ಬರೆಸಿಕೊಳ್ಳಿರಿ. ಬಿಲ್ಲು ಮತ್ತು ಮೂರು ತಿಂಗಳ ಲಿಖಿತ ಭರವಸೆ ಪಡೆಯಿರಿ.
5. ಜೋಡಿಸುವ ಮೊದಲು ಎಲ್ಲ ಆಯಿಲ್ ಸೀಲುಗಳನ್ನೂ ಬೇರಿಂಗುಗಳನ್ನೂ ಹೊಸದಾಗಿ ಹಾಕಿಸಿರಿ. ಪೆಟ್ಟಿಗೆ ಕೆಳಗಿಳಿದಿರುವಾಗಲೇ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗ್ ಬದಲಿಸಿದರೆ ಮತ್ತೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ.

ಆಯಿಲ್ ವಿಷಯದಲ್ಲಿಯೂ ಒಂದು ಮಾತು. ಆಕ್ಸಲಿಗೆ ಹಾಕುವ ಜಿ.ಎಲ್.-5 ದರ್ಜೆಯ ಆಯಿಲನ್ನೇ ಗೇರ್ ಬಾಕ್ಸಿಗೂ ಸುರಿಯುವ ರೂಢಿ ನಮ್ಮಲ್ಲಿದೆ. ಅದರಲ್ಲಿನ ಗಂಧಕಯುಕ್ತ ಸೇರ್ಪಡೆಗಳು ಹಳೆಯ ಪೆಟ್ಟಿಗೆಗಳ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಕಾಲಕ್ರಮದಲ್ಲಿ ಹಾಳುಮಾಡಬಹುದು. ತಯಾರಕರ ಕೈಪಿಡಿ ಜಿ.ಎಲ್.-4 ಎಂದಿದ್ದರೆ ಅದನ್ನೇ ಬಳಸಬೇಕು. ಹಳ್ಳ ದಾಟುವ ಜೀಪುಗಳಲ್ಲಿ ಮಳೆಗಾಲ ಮುಗಿದೊಡನೆ ಆಯಿಲ್ ಪರೀಕ್ಷಿಸುವುದು ಅತ್ಯಂತ ಅಗ್ಗದ ವಿಮೆ.

ಕೊನೆಯದಾಗಿ

ನಮ್ಮ ಜೀಪಿಗೆ 2012ರಲ್ಲಿ ಮೂಲ ಪೆಟ್ಟಿಗೆಯನ್ನೇ ಪೂರ್ತಿ ಬಿಚ್ಚಿ, ಎರಡನೆಯ ಗೇರಿನ ಜೋಡಿಯನ್ನೂ ಬೇರಿಂಗುಗಳನ್ನೂ ಹೊಸದಾಗಿ ಹಾಕಿಸಿದೆವು. ಅದು ಒಂಬತ್ತು ವರ್ಷ ಬಾಳಿತು. 2021ರಲ್ಲಿ ಎರಡನೆಯ ಬಾರಿ ಬಿಚ್ಚಿಸಿದ್ದು ಜೂನ್ ತಿಂಗಳ ಮೊದಲ ವಾರ, ಜೀಪಿಗೆ ಕೆಲಸವಿಲ್ಲದ ದಿನಗಳಲ್ಲಿ. ಕೈ ಮುರಿದುಕೊಂಡಿದ್ದ ಕಾರ್ಮಿಕರು ಈಗಲೂ ತೋಟದಲ್ಲಿಯೇ ಇದ್ದಾರೆ. ಇಳಿಜಾರು ಬಂದಾಗ ಜೀಪಿನಿಂದಿಳಿದು ನಡೆದೇ ಬರುತ್ತಾರೆ. ನಾವು ಎಷ್ಟು ಹೇಳಿದರೂ ಕೇಳುವುದಿಲ್ಲ. ನಾನು ಒತ್ತಾಯಿಸುವುದನ್ನು ಬಿಟ್ಟಿದ್ದೇನೆ.

ನಮ್ಮ ವ್ಯವಹಾರಗಳಲ್ಲಿ ಬೆಲೆ ಕೇಳಿ ಚೌಕಾಶಿ ಮಾಡುವುದು ಧರ್ಮವೇ. ಆದರೆ ಇಳಿಜಾರಿನಲ್ಲಿ ಮನುಷ್ಯರನ್ನು ಹಿಡಿದಿಡುವ ವಸ್ತುವನ್ನು ಕೊಳ್ಳುವಾಗ, ಬೆಲೆಯ ಪಕ್ಕದಲ್ಲಿ ಆಯುಷ್ಯವನ್ನೂ ನಿಂತ ದಿನಗಳನ್ನೂ ತೆರಿಗೆಯನ್ನೂ ಬರೆದು, ನಾಲ್ಕು ದಾರಿಗಳನ್ನೂ ಒಂದೇ ಹಾಳೆಯ ಮೇಲೆ ಇಟ್ಟು ನೋಡಿದ ಮೇಲೆ ಚೌಕಾಶಿಗೆ ಇಳಿಯಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.